ದ್ರಾಕ್ಷಿ ಗುಂಪಿಗೆ ಬಿದ್ದ ಬೀಗ: ತಿಕೋಟಾ ಭಾಗದ ಒಂದು ಸ್ಪ್ಯಾಮ್ ಪ್ರಕರಣ

ವಿಜಯಪುರ ಜಿಲ್ಲೆಯ ದ್ರಾಕ್ಷಿ ಬೆಳೆಗಾರರಿಗೆ ಅಕ್ಟೋಬರ್ ಅಂದರೆ ಚಾಟ್ನಿ ಕಾಲ, ಬಳ್ಳಿಯ ಕಡ್ಡಿ ಕತ್ತರಿಸುವ ಹೊತ್ತು. ವರ್ಷಕ್ಕೆ ಎರಡು ಚಾಟ್ನಿ. ಏಪ್ರಿಲ್‌ನದ್ದು ಕಡ್ಡಿಗೆ, ಅಕ್ಟೋಬರ್‌ನದ್ದು ಹಣ್ಣಿಗೆ. ಎರಡನೇ ಚಾಟ್ನಿ ಮುಗಿದು, ಚಿಗುರು ಬಂದು, ಹೂವಾಗುವ ತನಕ ಆರೇಳು ವಾರ ಯಾರಿಗೂ ನೆಮ್ಮದಿ ಇರುವುದಿಲ್ಲ. ಹಿಂಗಾರಿ ಮಳೆ ಬಂದು ಎಲೆ ಒದ್ದೆಯಾಗಿಯೇ ಉಳಿದರೆ ಡೌನಿ ರೋಗ ಬರುತ್ತದೆ. ಎಲೆ ಮೇಲೆ ಹಳದಿ ಚುಕ್ಕೆ, ಕೆಳಗೆ ಬಿಳಿ ಬೂಷ್ಟು. ಅದು ಗೊನೆಗೆ ತಗುಲಿದರೆ ಇಡೀ ವರ್ಷದ ಲೆಕ್ಕ ತಲೆಕೆಳಗು.

ಈ ಪ್ರಕರಣ ನಡೆದದ್ದು 2024ರ ಆ ಆರೇಳು ವಾರಗಳಲ್ಲಿ. ತಿಕೋಟಾ ಭಾಗದ ದ್ರಾಕ್ಷಿ ಬೆಳೆಗಾರರ ಒಂದು ವಾಟ್ಸ್‌ಆ್ಯಪ್ ಗುಂಪು. ಹೆಸರು ಬೇಡ. ಒಂದೇ ಊರಿನ ಹತ್ತಿಪ್ಪತ್ತು ಜನ ಸೇರಿ ಶುರು ಮಾಡಿದ್ದು. ಆಮೇಲೆ ಬಬಲೇಶ್ವರ, ಇಂಡಿ ಕಡೆಯವರು ಸೇರಿದರು. ಅಥಣಿ, ಜಮಖಂಡಿಯಿಂದಲೂ ಬಂದರು. ಒಬ್ಬರು ಎಲೆಯ ಫೋಟೊ ಹಾಕಿ "ಇದು ಡೌನಿನೋ ಬೂದಿ ರೋಗಾನೋ?" ಅಂತ ಕೇಳುತ್ತಾರೆ. ಅರ್ಧ ಗಂಟೆಯೊಳಗೆ ಅನುಭವ ಇದ್ದವರು ಯಾರಾದರೂ ಉತ್ತರ ಕೊಡುತ್ತಾರೆ. ಹಿಟ್ಟಿನಹಳ್ಳಿಯ ಕೃಷಿ ವಿಜ್ಞಾನ ಕೇಂದ್ರಕ್ಕೆ ಹೋಗಿ ಬಂದವರು ಅಲ್ಲಿ ಕೇಳಿದ್ದನ್ನು ಹಂಚುತ್ತಾರೆ. ಸಾಂಗಲಿ, ತಾಸಗಾಂವ್ ಪೇಟೆಯ ಒಣದ್ರಾಕ್ಷಿ ದರ ಬರುತ್ತದೆ. ಆದರೆ ಗುಂಪಿನ ನಿಜವಾದ ಬೆಲೆ ಇರುವುದು ಆ ಅರ್ಧ ಗಂಟೆಯಲ್ಲಿ. ಮೂರು ದಿನ ಬಿಟ್ಟು ಸರಿ ಉತ್ತರ ಬಂದರೂ ಪಡಕ್ಕೆ, ಅಂದರೆ ದ್ರಾಕ್ಷಿ ತೋಟಕ್ಕೆ, ಅದರಿಂದ ಏನೂ ಉಪಯೋಗವಿಲ್ಲ.

ಇದನ್ನು ಮೊದಲೇ ಹೇಳಿದ್ದಕ್ಕೆ ಕಾರಣ ಇದೆ. ಮುಂದೆ ಸ್ಪ್ಯಾಮ್, ಅಂದರೆ ಬೇಡದ ಮೆಸೇಜು, ತಡೆಯಲು ಹೊರಟಾಗ ಎಲ್ಲರಿಗೂ ಮರೆತುಹೋದದ್ದು ಇದೇ ಅರ್ಧ ಗಂಟೆ. ನಾನು ಆಗ ಗುಂಪಿನ ಸದಸ್ಯ ಮಾತ್ರ, ಅಡ್ಮಿನ್ ಅಲ್ಲ. ಹೊಸ ನಿಯಮ ಬರೆಯುವಾಗ ನನ್ನನ್ನೂ ಕರೆದರು.

ಗುಂಪಿಗೆ ಬರುತ್ತಿದ್ದ ಕಸ

ಕಸ ಒಂದೇ ಥರದ್ದಲ್ಲ. ಎಲ್ಲದಕ್ಕೂ ಸ್ಪ್ಯಾಮ್ ಅಂತ ಒಂದೇ ಹೆಸರಿಟ್ಟದ್ದೇ ಗುಂಪಿನವರ ಅರ್ಧ ಗೊಂದಲಕ್ಕೆ ಕಾರಣ.

ಮೊದಲನೆಯದು ಹೊರಗಿನವರದ್ದು. ಶೇರ್ ಮಾರ್ಕೆಟ್ ಟಿಪ್ಸ್, ಮನೆಯಲ್ಲೇ ಕೂತು ದುಡಿಯಿರಿ, ಐದು ನಿಮಿಷದಲ್ಲಿ ಸಾಲ. ಯಾವನೋ ಗುಂಪಿಗೆ ಸೇರುತ್ತಾನೆ, ಎರಡು ಮೆಸೇಜ್ ಹಾಕುತ್ತಾನೆ, ಹೋಗುತ್ತಾನೆ. ಇದು ಕಿರಿಕಿರಿ, ಆದರೆ ಗುರುತು ಹಿಡಿಯುವುದು ಸುಲಭ. ದ್ರಾಕ್ಷಿ ಗುಂಪಿನಲ್ಲಿ ಕ್ರಿಪ್ಟೊ ಬಗ್ಗೆ ಮಾತಾಡುವವನನ್ನು ಯಾರೂ ನಂಬಲ್ಲ.

ಎರಡನೆಯದು ನಮ್ಮವರದ್ದೇ. ಬೆಳಿಗ್ಗೆ ದೇವರ ಫೋಟೊ, ರಾತ್ರಿ ರಾಜಕೀಯದ ವಿಡಿಯೊ, ನಡುವೆ ಯಾರದೋ ಹುಟ್ಟುಹಬ್ಬಕ್ಕೆ ಐವತ್ತು ಜನರ ಶುಭಾಶಯ. ಕೆಟ್ಟದ್ದೇನಲ್ಲ ಬಿಡಿ. ಆದರೆ ಎಲೆಯ ಫೋಟೊ ಆ ಐವತ್ತು ಹೂಗುಚ್ಛಗಳ ಕೆಳಗೆ ಹೂತುಹೋಗುತ್ತದೆ.

ಮೂರನೆಯದು ವ್ಯಾಪಾರ. ಔಷಧ ಅಂಗಡಿಯವರು, ಟಾನಿಕ್ ಮಾರುವ ಏಜೆಂಟರು. "ಒಂದೇ ಸಲ ಹೊಡೀರಿ, ಡೌನಿ ಗ್ಯಾರಂಟಿ ಹೋಗ್ತದ." ಇವರಲ್ಲಿ ಕೆಲವರು ಗುಂಪಿನ ಹಳೆಯ ಸದಸ್ಯರು, ಉಧಾರಿ ಕೊಟ್ಟವರು. ಅವರ ಮೆಸೇಜ್ ಅಳಿಸಲು ಯಾರ ಕೈಯೂ ಮುಂದೆ ಬರುತ್ತಿರಲಿಲ್ಲ.

ನಾಲ್ಕನೆಯದು ಗುಂಪಿನಲ್ಲಿ ಕಾಣಿಸುವುದೇ ಇಲ್ಲ. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ವಾಟ್ಸ್‌ಆ್ಯಪ್ ಗುಂಪಿಗೆ ಸೇರಿದವನಿಗೆ ಉಳಿದ ಎಲ್ಲರ ಫೋನ್ ನಂಬರ್ ಸಿಗುತ್ತದೆ. ಗುಂಪಿಗೆ ಸೇರುವ ಲಿಂಕನ್ನು ಯಾರೋ ಒಳ್ಳೆಯ ಮನಸ್ಸಿನಿಂದಲೇ ಫೇಸ್‌ಬುಕ್‌ನಲ್ಲಿ ಹಾಕಿದ್ದರು. ಅಲ್ಲಿಂದ ಅದು ಎಲ್ಲೆಲ್ಲಿಗೆ ಹೋಯಿತೋ. ಒಂದು ವಾಟ್ಸ್‌ಆ್ಯಪ್ ಗುಂಪಿನಲ್ಲಿ 1024 ಜನರ ತನಕ ಇರಬಹುದು. ನಮ್ಮ ಗುಂಪು ಅದರ ಹತ್ತಿರ ಬಂದಿತ್ತು. ಅವರಲ್ಲಿ ಒಂದು ಮಾತೂ ಆಡದವರು ಎಷ್ಟೋ. ಕೆಲವು ನಂಬರಿಗೆ ಹೆಸರಿಲ್ಲ, ಫೋಟೊ ಇಲ್ಲ. ಇಂಥವರು ಗುಂಪಿನಲ್ಲಿ ಏನೂ ಹಾಕುವುದಿಲ್ಲ. ಸುಮ್ನೆ ನಂಬರ್ ತೆಗೆದುಕೊಂಡು, ಒಬ್ಬೊಬ್ಬರಿಗೇ ಖಾಸಗಿಯಾಗಿ ಮೆಸೇಜ್ ಕಳಿಸುತ್ತಾರೆ.

ಹಿಂದಿನ ಹಂಗಾಮಿನಲ್ಲೇ ಇದರ ರುಚಿ ಸಿಕ್ಕಿತ್ತು. ಒಣದ್ರಾಕ್ಷಿ ಶೆಡ್‌ನಿಂದ ಇಳಿಸುವ ಹೊತ್ತಿಗೆ ಒಬ್ಬ "ವ್ಯಾಪಾರಿ" ಹಲವರಿಗೆ ಖಾಸಗಿಯಾಗಿ ಮೆಸೇಜ್ ಮಾಡಿದ. ಪೇಟೆಗಿಂತ ಒಳ್ಳೆ ದರ ಹೇಳಿದ. ಅಡ್ವಾನ್ಸ್ ಹಾಕ್ತೀನಿ, ಈ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಪಿನ್ ಒತ್ತಿ ಅಂದ. ಯುಪಿಐನಲ್ಲಿ ಹಣ ಬರಬೇಕಾದರೆ ಪಿನ್ ಒತ್ತುವುದೇ ಬೇಕಾಗಿಲ್ಲ. ಪಿನ್ ಒತ್ತಿದರೆ ಹಣ ಹೋಗುತ್ತದೆ, ಅಷ್ಟೇ. ಗೊತ್ತಿದ್ದವರು ಸುಮ್ಮನಾದರು. ಮಾತಾಡಿದ್ದರೆ ಒಳ್ಳೆಯದಿತ್ತು. ಆದರೆ ಖಾಸಗಿಯಾಗಿ ಬಂದ ಮೆಸೇಜನ್ನು ಗುಂಪಿಗೆ ಹೇಳಬೇಕು ಅಂತ ಯಾರಿಗೂ ಅನ್ನಿಸಲಿಲ್ಲ.

ಕಾಕಾ ಅವರ ನಂಬರಿನಿಂದ ಬಂದ ಫೈಲು

2024ರ ಅಕ್ಟೋಬರ್ 5ರಂದು ಪಿಎಂ ಕಿಸಾನ್ ಯೋಜನೆಯ 18ನೇ ಕಂತು ಬಿಡುಗಡೆಯಾಯಿತು. ವರ್ಷಕ್ಕೆ ಆರು ಸಾವಿರ, ಮೂರು ಕಂತು, ಕಂತಿಗೆ ಎರಡು ಸಾವಿರ. ಯಾರಿಗೆ ಬಂತು, ಯಾರಿಗೆ ಇ-ಕೆವೈಸಿ ಆಗಿಲ್ಲ ಅಂತ ನಿಂತಿತು ಎಂಬ ಮಾತು ಊರೆಲ್ಲ ನಡೆದಿತ್ತು. ಮೋಸಗಾರರು ಕಾಯುವುದು ಇಂಥ ದಿನವನ್ನೇ. ಅವರ ಸುಳ್ಳಿಗೆ ನಿಜವಾದ ತಾರೀಕಿನ ಆಸರೆ ಸಿಗುತ್ತದೆ.

ಅದೇ ವಾರ ಒಂದು ರಾತ್ರಿ ಗುಂಪಿಗೆ ಫೈಲ್ ಬಂತು. ಹೆಸರು ಪಿಎಂ ಕಿಸಾನ್, ಕೊನೆಗೆ ಎಪಿಕೆ, ಅಂದರೆ ಆಂಡ್ರಾಯ್ಡ್ ಫೋನಿಗೆ ಆ್ಯಪ್ ಹಾಕುವ ಫೈಲು. ಕೆಳಗೆ "ಕಂತು ಬರದವರು ಇದರಲ್ಲಿ ನೋಡಿ" ಅಂತ ಒಂದು ಸಾಲು. ಕಳಿಸಿದ್ದು ಅಪರಿಚಿತ ನಂಬರ್ ಅಲ್ಲ. ಗುಂಪಿನಲ್ಲಿ ಎಲ್ಲರೂ ಕಾಕಾ ಅಂತ ಕರೆಯುವ ಹಿರಿಯ ಬೆಳೆಗಾರರ ನಂಬರ್. ಡೌನಿ ವಿಷಯದಲ್ಲಿ ಅವರ ಮಾತೇ ಕೊನೆ. ಅಂಥವರು ಕಳಿಸಿದ್ದನ್ನು ತೆರೆಯಲು ಯಾರು ಹಿಂದೆಮುಂದೆ ನೋಡುತ್ತಾರೆ?

ಅಡ್ಮಿನ್‌ಗಳಲ್ಲಿ ಒಬ್ಬ ಹುಡುಗ ಅವರಿಗೆ ಫೋನ್ ಮಾಡಿದ.

"ಕಾಕಾ, ನಿಮ್ಮ ನಂಬರಿಂದ ಒಂದು ಫೈಲ್ ಬಂದೈತ್ರಿ. ನೀವ ಕಳಿಸೀರೇನ್ರಿ?"

"ನಾ ಏನೂ ಕಳಿಸಿಲ್ಲೋ ತಮ್ಮಾ. ಫೋನ್ ಚಾರ್ಜಿಗಿ ಹಾಕೇನಿ, ಮುಟ್ಟೇ ಇಲ್ಲ."

ಅವರು ಹೇಳಿದ್ದು ನಿಜ. ಹಿಂದಿನ ದಿನ ಬೇರೆ ಯಾವುದೋ ಗುಂಪಿನಿಂದ ಬಂದ ಅದೇ ಫೈಲನ್ನು ಅವರು ತೆರೆದಿದ್ದರು. ಇದರ ಕೆಲಸ ಹೀಗೆ: ಪ್ಲೇ ಸ್ಟೋರ್ ಬಿಟ್ಟು ಹೊರಗಿನಿಂದ ಬಂದ ಆ್ಯಪ್ ಹಾಕಿಕೊಳ್ಳಬೇಕಾದರೆ ಫೋನ್ ಒಂದು ಎಚ್ಚರಿಕೆ ತೋರಿಸುತ್ತದೆ. ಜನ ಓದದೆ ಸರಿ ಅಂತ ಒತ್ತುತ್ತಾರೆ. ಆಮೇಲೆ ಆ ಆ್ಯಪ್ ಎಸ್‌ಎಂಎಸ್ ಓದಲು ಅನುಮತಿ ಕೇಳುತ್ತದೆ. ಅದಕ್ಕೂ ಸರಿ. ಅಲ್ಲಿಗೆ ಮುಗಿಯಿತು. ಬ್ಯಾಂಕಿನ ಒಟಿಪಿ ಬಂದರೆ ಅದು ಎಲ್ಲೋ ಕೂತವನಿಗೆ ಹೋಗುತ್ತದೆ. ವಾಟ್ಸ್‌ಆ್ಯಪ್‌ನ ಆರು ಅಂಕಿಯ ಕೋಡ್ ಕೂಡ ಎಸ್‌ಎಂಎಸ್‌ನಲ್ಲೇ ಬರುವುದರಿಂದ, ಅದೇ ನಂಬರಿನ ಖಾತೆಯನ್ನು ಆತ ತನ್ನ ಫೋನಿನಲ್ಲಿ ತೆರೆಯಬಹುದು. ಆಮೇಲೆ ಆ ಖಾತೆ ಇರುವ ಎಲ್ಲ ಗುಂಪಿಗೂ ಅದೇ ಫೈಲ್. ಹೀಗೆ ನಂಬಿಕಸ್ಥರ ಹೆಸರಿನಲ್ಲೇ ಅದು ಗುಂಪಿನಿಂದ ಗುಂಪಿಗೆ ದಾಟುತ್ತದೆ.

ವಾಟ್ಸ್‌ಆ್ಯಪ್‌ನಲ್ಲಿ ಎರಡು ಹಂತದ ಪರಿಶೀಲನೆಯ ಪಿನ್ ಇಟ್ಟುಕೊಂಡಿದ್ದರೆ ಬರೀ ಎಸ್‌ಎಂಎಸ್ ಕೋಡ್‌ನಿಂದ ಖಾತೆ ಕದಿಯಲು ಆಗುವುದಿಲ್ಲ. ಕಾಕಾ ಇಟ್ಟುಕೊಂಡಿರಲಿಲ್ಲ. ಗುಂಪಿನಲ್ಲಿ ಬಹಳ ಜನ ಇಟ್ಟುಕೊಂಡಿರಲಿಲ್ಲ.

ಆ ರಾತ್ರಿ ಅಡ್ಮಿನ್‌ಗಳು ಮಾಡಿದ್ದು ಎರಡು ಕೆಲಸ. ಫೈಲನ್ನು ಎಲ್ಲರಿಗೂ ಕಾಣದ ಹಾಗೆ ಅಳಿಸಿದರು. ಗುಂಪಿನ ಯಾರ ಮೆಸೇಜನ್ನಾದರೂ ಅಡ್ಮಿನ್ ಹೀಗೆ ಅಳಿಸಬಹುದು. ಆಮೇಲೆ ಕಾಕಾ ಅವರ ನಂಬರನ್ನು ಗುಂಪಿನಿಂದ ತೆಗೆದರು. ಎರಡೂ ಸರಿಯೇ. ಆದರೆ ಯಾಕೆ ತೆಗೆದೆವು ಅಂತ ಗುಂಪಿನಲ್ಲಿ ಒಂದು ಸಾಲು ಬರೆಯಲಿಲ್ಲ. ಇಂಥವರನ್ನು ತೆಗೆಯಲಾಗಿದೆ ಎಂಬ ಸಾಲು ಮಾತ್ರ ತೆರೆಯ ಮೇಲೆ ಉಳಿಯಿತು. ಬೆಳಗಾಗುವುದರೊಳಗೆ ಅದು ಊರಿನ ಸುದ್ದಿ.

ಕಾಕಾ ಮರುದಿನ ಆ ಹುಡುಗನ ಮನೆಗೇ ಬಂದರು. "ಮಂದ್ಯಾಗ ಮರ್ಯಾದಿ ಕಳದ್ರಿ. ನಾ ಏನ್ ಕಳ್ಳನೇನೋ?" ಹುಡುಗನ ಬಳಿ ಉತ್ತರ ಇರಲಿಲ್ಲ.

ಫೈಲ್ ತೆರೆದವರಲ್ಲಿ ಒಬ್ಬರ ಖಾತೆಯಿಂದ ಹಣ ಹೋಯಿತು. ಔಷಧಕ್ಕೆ ಅಂತ ತೆಗೆದಿಟ್ಟ ಹಣ. ಅವರ ಮಗಳು ತಡಮಾಡದೆ ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಕರೆ ಮಾಡಿದ್ದರಿಂದ ಒಂದಿಷ್ಟು ಹಣ ಮುಂದಿನ ಖಾತೆಗೆ ದಾಟುವ ಮುಂಚೆಯೇ ನಿಂತಿತು. ಇಂಥ ಮೋಸದಲ್ಲಿ ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಬೇಗ ಬೇಗ ಹಾರುತ್ತದೆ. ಮೊದಲ ಒಂದೆರಡು ಗಂಟೆಯಲ್ಲಿ ದೂರು ದಾಖಲಾದರೆ ಹಿಡಿಯುವ ಅವಕಾಶ ಜಾಸ್ತಿ. ಬೆಳಿಗ್ಗೆ ಠಾಣೆಗೆ ಹೋದರಾಯಿತು ಅಂತ ಮಲಗಿದ್ದರೆ ಅದೂ ಸಿಗುತ್ತಿರಲಿಲ್ಲ.

ಬೀಗ

ಮರುದಿನ ಅಡ್ಮಿನ್‌ಗಳು ಗುಂಪಿನ ಸೆಟ್ಟಿಂಗ್ ಬದಲಿಸಿದರು. ಇನ್ನು ಮುಂದೆ ಅಡ್ಮಿನ್‌ಗಳು ಮಾತ್ರ ಮೆಸೇಜ್ ಹಾಕಬಹುದು. ಯಾರಿಗಾದರೂ ಏನಾದರೂ ಕೇಳಬೇಕಾದರೆ ಅಡ್ಮಿನ್‌ಗೆ ಕಳಿಸಬೇಕು, ಅವರು ನೋಡಿ ಹಾಕುತ್ತಾರೆ.

ಇದಕ್ಕೆ ಭಯವೂ ಒಂದು ಕಾರಣ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಮಕ್ಕಳ ಕಳ್ಳರು ಎಂಬ ವಾಟ್ಸ್‌ಆ್ಯಪ್ ವದಂತಿಗೆ ಒಬ್ಬ ಯುವಕನ ಪ್ರಾಣ ಹೋಯಿತು. ಆಗ ಗುಂಪಿನ ಅಡ್ಮಿನ್ ಕೂಡ ಬಂಧನವಾಗಿದ್ದು ನಮ್ಮ ಕಡೆ ಎಲ್ಲರಿಗೂ ನೆನಪಿದೆ. ಅಂದಿನಿಂದ "ಅಡ್ಮಿನ್ ಆದ್ರ ಜೈಲು" ಎಂಬ ಮಾತು ಚಲಾವಣೆಯಲ್ಲಿದೆ. ಕಾನೂನು ಅಷ್ಟು ಸರಳವಲ್ಲ. ಸದಸ್ಯ ಹಾಕಿದ ಮೆಸೇಜಿಗೆ ಅಡ್ಮಿನ್ ತಾನಾಗಿಯೇ ಹೊಣೆಯಾಗುವುದಿಲ್ಲ ಅಂತ ಬಾಂಬೆ ಹೈಕೋರ್ಟಿನ ನಾಗಪುರ ಪೀಠ 2021ರಲ್ಲಿ, ಕೇರಳ ಹೈಕೋರ್ಟ್ 2022ರಲ್ಲಿ ಹೇಳಿವೆ. ಅಡ್ಮಿನ್ ಆ ತಪ್ಪಿನಲ್ಲಿ ಕೈಜೋಡಿಸಿದ್ದರೆ ಬೇರೆ ಮಾತು. ಈ ವ್ಯತ್ಯಾಸ ಹೇಳಿದ ಮೇಲೂ ಅಡ್ಮಿನ್ ಒಬ್ಬರು "ತೀರ್ಪು ಬರೂತನಾ ಕೋರ್ಟಿಗಿ ಅಡ್ಡಾಡವ್ರು ಯಾರ್ರೀ?" ಅಂದರು. ಅದರಲ್ಲೂ ಅರ್ಥ ಇಲ್ಲದಿಲ್ಲ.

ಬೀಗ ಹಾಕಿದ ಮೇಲೆ ಗುಂಪು ಶುದ್ಧವಾಯಿತು. ದೇವರ ಫೋಟೊ ಇಲ್ಲ, ಸಾಲದ ಜಾಹೀರಾತು ಇಲ್ಲ. ಎಲೆಯ ಫೋಟೊ ಕೂಡ ಇಲ್ಲ.

ಮೆಸೇಜು ಬರುವ ಮುಂಚೆಯೇ ನೋಡಿ ಬಿಡುವ ಪದ್ಧತಿ ಹೊಸದೇನಲ್ಲ. ಇಂಟರ್ನೆಟ್‌ನ ಹಳೆಯ ಚರ್ಚಾ ಜಾಲವಾದ ಯೂಸ್‌ನೆಟ್‌ನಲ್ಲೂ ಹಾಗೆ ನಡೆಯುವ ಗುಂಪುಗಳಿದ್ದವು. 1994ರ ಏಪ್ರಿಲ್‌ನಲ್ಲಿ ಅಮೆರಿಕದ ಇಬ್ಬರು ವಕೀಲರು, ಗಂಡ ಹೆಂಡತಿ, ಗ್ರೀನ್ ಕಾರ್ಡ್ ಲಾಟರಿಯ ಒಂದೇ ಜಾಹೀರಾತನ್ನು ಅಲ್ಲಿನ ಸಾವಿರಾರು ಗುಂಪಿಗೆ ಸುರಿದರು. ಅಂದಿನಿಂದ ಇಂದಿನವರೆಗೂ ಲೆಕ್ಕ ಅದೇ. ಕಳಿಸುವವನಿಗೆ ಖರ್ಚಿಲ್ಲ, ಓದುವವನ ಸಮಯ ಹಾಳು. ಮೊದಲೇ ನೋಡಿ ಬಿಡುವ ಪದ್ಧತಿ ಇದನ್ನು ತಡೆಯುತ್ತದೆ, ನಿಜ. ಆದರೆ ಅದಕ್ಕೆ ಸದಾ ಎಚ್ಚರ ಇರುವ ಒಬ್ಬ ಬೇಕು. ನಮ್ಮ ಅಡ್ಮಿನ್‌ಗಳು ಮೂವರೂ ಬೆಳೆಗಾರರು. ಬೆಳಗಿನ ಜಾವ ಔಷಧ ಹೊಡೆಯುವ ಬ್ಲೋವರ್ ಮೇಲೆ ಕೂತವರು ಯಾರ ಫೋಟೊ ನೋಡಿ ಯಾವಾಗ ಹಾಕಬೇಕು?

ಮಳೆ ಬಂತು. ಅಡ್ಮಿನ್‌ಗಳ ಫೋನಿನಲ್ಲಿ ಎಲೆಯ ಫೋಟೊಗಳು ಸಾಲುಗಟ್ಟಿದವು. ಒಂದು ರಾತ್ರಿ ಬಂದ ಪ್ರಶ್ನೆ ಮರುದಿನ ಸಂಜೆ ಗುಂಪಿಗೆ ಬಿತ್ತು. ಅಷ್ಟು ಹೊತ್ತಿಗೆ ಕೇಳಿದವರು ಹತ್ತಿರದ ಅಂಗಡಿಗೆ ಹೋಗಿ, ಅಂಗಡಿಯವನು ಕೊಟ್ಟದ್ದನ್ನು ತಂದು ಹೊಡೆದಾಗಿತ್ತು. ಇನ್ನು ಉತ್ತರ ಬರೆಯಬಲ್ಲವರಿಗೂ ಬರೆಯಲು ದಾರಿ ಇರಲಿಲ್ಲ. ಅವರೂ ಅಡ್ಮಿನ್‌ಗೆ ಕಳಿಸಬೇಕು.

ಜನ ಕಾಯಲಿಲ್ಲ. ನಾಲ್ಕೈದು ಸಣ್ಣ ಗುಂಪು ಹುಟ್ಟಿಕೊಂಡವು. ಅವುಗಳ ಲಿಂಕ್ ಎಲ್ಲ ಕಡೆ ಓಡಾಡಿತು. ಲಿಂಕಿನ ಜೊತೆಗೆ ಸಾಲದವರು, ಟಿಪ್ಸ್‌ನವರು, ಎಪಿಕೆ ಫೈಲ್ ಎಲ್ಲವೂ ಅಲ್ಲಿಗೇ ಹೋದವು. ಅಲ್ಲಿ ಅಳಿಸುವವರೂ ಇಲ್ಲ. ದೊಡ್ಡ ಗುಂಪಿನಲ್ಲಿ ಒಬ್ಬರಾದರೂ "ಇದನ್ನ ತೆರೀಬ್ಯಾಡ್ರಿ" ಅನ್ನುತ್ತಿದ್ದರು. ಸಣ್ಣ ಗುಂಪಿನಲ್ಲಿ ಹಾಗೆ ಹೇಳಬಲ್ಲವರು ಯಾರೂ ಇರಲಿಲ್ಲ.

ನನ್ನ ತೀರ್ಮಾನ ಇಷ್ಟು. ಫೈಲ್ ಬಂದ ರಾತ್ರಿ ಒಂದೆರಡು ಗಂಟೆ ಬೀಗ ಹಾಕಿದ್ದರೆ ಅದು ಸರಿಯಾದ ಕೆಲಸ. ಹರಡುವುದು ನಿಲ್ಲುತ್ತಿತ್ತು, ಎಚ್ಚರಿಕೆಯ ಸಾಲು ಎಲ್ಲರ ಕಣ್ಣಿಗೆ ಬೀಳುತ್ತಿತ್ತು. ಅದನ್ನೇ ವಾರಗಟ್ಟಲೆ ಇಟ್ಟದ್ದು ಫೈಲಿಗಿಂತ ಜಾಸ್ತಿ ಹಾನಿ ಮಾಡಿತು. ಅಪರಿಚಿತರು ಒಳಗೆ ಬರುವ ದಾರಿ ತೆರೆದೇ ಇತ್ತು, ಮುಚ್ಚಿದ್ದು ಪರಿಚಿತರ ಬಾಯಿ ಮಾತ್ರ. ಬೀಗದ ಆ ವಾರಗಳಲ್ಲೂ ಹಳೆಯ ಲಿಂಕಿನಿಂದ ಹೊಸ ನಂಬರ್‌ಗಳು ಸೇರುತ್ತಲೇ ಇದ್ದವು. ಮೆಸೇಜ್ ಹಾಕಲು ಆಗದಿದ್ದರೇನು, ನಂಬರ್ ತೆಗೆದುಕೊಳ್ಳಲು ಯಾವ ಅಡ್ಡಿಯೂ ಇರಲಿಲ್ಲ.

ತೋಟದ ಮನೆಯಲ್ಲಿ ಕೂತು ಬರೆದದ್ದು

ಒಂದು ಸಂಜೆ ಏಳೆಂಟು ಜನ ಸೇರಿದೆವು. ಕಾಕಾ ಅವರನ್ನೂ ಕರೆದಿದ್ದರು. ಅವರು ಬಂದದ್ದೇ ದೊಡ್ಡ ಮಾತು. ಅಡ್ಮಿನ್ ಹುಡುಗ ಎದ್ದು ನಿಂತು, ಅವರ ಫೋನ್ ಬೇರೆಯವರ ಕೈಗೆ ಸಿಕ್ಕಿತ್ತು, ಅವರ ತಪ್ಪಿಲ್ಲ ಅಂತ ಎಲ್ಲರ ಮುಂದೆ ಹೇಳಿದ. ಗುಂಪಿನಲ್ಲೂ ಬರೆದ. ಆಮೇಲೆ ಮಾತು ಸಲೀಸಾಯಿತು.

ಎಲ್ಲವನ್ನೂ ಬಗೆಹರಿಸಿದ್ದು ಕಾಕಾ ಅವರದೇ ಒಂದು ಮಾತು. "ಡೌನಿ ಬಂದಮ್ಯಾಲೆ ಹೊಡೀತೀರೋ, ಮಳಿ ಬರೂ ಮುಂಚೇನ ಹೊಡೀತೀರೋ?" ಡೌನಿ ತಡೆಯಲು ಹೊಡೆಯುವ ಬೋರ್ಡೋ ದ್ರಾವಣ ಎಲೆ ಮೇಲೆ ಮೊದಲೇ ಕೂತಿರಬೇಕು, ರೋಗ ಒಳಗೆ ಇಳಿದ ಮೇಲೆ ಅದರಿಂದ ಪ್ರಯೋಜನ ಇಲ್ಲ ಎಂಬುದು ಅಲ್ಲಿದ್ದ ಎಲ್ಲರಿಗೂ ಗೊತ್ತು. ಮುಂದಿನ ನಿಯಮಗಳು ಅಲ್ಲಿಂದ ಹೊರಟವು.

ಮೊದಲು ಹಳೆಯ ಲಿಂಕ್ ರದ್ದು ಮಾಡಿದರು. ವಾಟ್ಸ್‌ಆ್ಯಪ್‌ನಲ್ಲಿ ಲಿಂಕ್ ರೀಸೆಟ್ ಮಾಡಿದರೆ ಎಲ್ಲೆಲ್ಲೋ ಹರಡಿರುವ ಹಳೆಯ ಲಿಂಕ್ ಸತ್ತುಹೋಗುತ್ತದೆ. ಜೊತೆಗೆ ಹೊಸಬರು ಸೇರಲು ಅಡ್ಮಿನ್ ಒಪ್ಪಿಗೆ ಬೇಕು ಎಂಬ ಸೆಟ್ಟಿಂಗ್ ಹಾಕಿದರು. ಒಪ್ಪಿಗೆಗೆ ಮುಂಚೆ ಎರಡು ಪ್ರಶ್ನೆ. ಯಾವ ಊರು, ಗುಂಪಿನಲ್ಲಿ ನಿಮ್ಮನ್ನು ಬಲ್ಲವರು ಯಾರು? ಬಲ್ಲವರು ಯಾರೂ ಇಲ್ಲದಿದ್ದರೆ ಮೂರನೆಯ ಪ್ರಶ್ನೆ: ಚಾಟ್ನಿ ಯಾವಾಗ ಮಾಡಿದಿರಿ, ಯಾವ ತಳಿ? ಥಾಮ್ಸನ್ನೋ, ಮಾಣಿಕ್ ಚಮನ್ನೋ, ಸೋನಾಕಾನೋ ಅಂತ ಹೇಳಲು ಬೆಳೆಗಾರನಿಗೆ ಅರೆಗಳಿಗೆ ಸಾಕು. ಸಾಲದ ಜಾಹೀರಾತಿನವನು ಉತ್ತರವನ್ನೇ ಕೊಡುವುದಿಲ್ಲ. ವೆಬ್‌ಸೈಟುಗಳಲ್ಲಿ ಓರೆಕೋರೆ ಅಕ್ಷರ ತೋರಿಸಿ ಇದೇನು ಹೇಳಿ ಅಂತ ಕೇಳುತ್ತಾರಲ್ಲ, ಕ್ಯಾಪ್ಚಾ, ಅದಕ್ಕಿಂತ ಇದು ಚೆನ್ನಾಗಿ ಕೆಲಸ ಮಾಡಿತು.

ಹಳಬರಲ್ಲೂ ಜಾಲಾಡಿದರು. ಊರೂರಿಗೆ ಒಬ್ಬರಂತೆ ಪಟ್ಟಿ ಹಿಡಿದು ಕೂತು, ಯಾರಿಗೂ ಗುರುತಿಲ್ಲದ ನಂಬರುಗಳಿಗೆ ಮೆಸೇಜ್ ಕಳಿಸಿದರು. ಉತ್ತರ ಕೊಡದವರನ್ನು ತೆಗೆದರು. ಇದು ಬೇಸರದ ಕೆಲಸ. ಆದರೆ ಖಾಸಗಿ ಮೆಸೇಜಿನ ಮೋಸ ಕಡಿಮೆಯಾಗಿದ್ದು ಇದರಿಂದಲೇ ಅಂತ ನನ್ನ ನಂಬಿಕೆ.

ಬಾಗಿಲಲ್ಲಿ ಇಷ್ಟು ಬಿಗಿ ಮಾಡಿ ಒಳಗೆ ಎಲ್ಲರಿಗೂ ಮತ್ತೆ ಮಾತು ಬಿಟ್ಟರು. ಎಪಿಕೆ ಫೈಲ್‌ಗೆ ಮಾತ್ರ ವಿನಾಯಿತಿ ಇಲ್ಲ. ಯಾರದೇ ಇರಲಿ, ಬಂದ ಕೂಡಲೇ ಅಳಿಸುವುದು, ಆ ನಂಬರನ್ನು ತಾತ್ಕಾಲಿಕವಾಗಿ ತೆಗೆಯುವುದು, ಅವರಿಗೆ ಸಾದಾ ಫೋನ್ ಕರೆ ಮಾಡುವುದು. ಗುಂಪಿನಲ್ಲಿ ಹಾಕಲು ಒಂದು ಸಾಲು ಮೊದಲೇ ಬರೆದಿಟ್ಟಿದ್ದಾರೆ: "ಇವರ ಫೋನ್ ಹ್ಯಾಕ್ ಆಗಿರಬಹುದು, ಇವರ ತಪ್ಪಲ್ಲ, ಸರಿಯಾದ ಮೇಲೆ ಮತ್ತೆ ಸೇರಿಸುತ್ತೇವೆ." ಕಾಕಾ ಅವರ ಪ್ರಕರಣದ ಮುಖ್ಯ ಲಾಭ ಈ ಒಂದು ಸಾಲು.

ಇನ್ನೊಂದು ವಿಷಯ ಬಹಳ ಅಡ್ಮಿನ್‌ಗಳಿಗೆ ಗೊತ್ತಿರುವುದಿಲ್ಲ. ಅಳಿಸುವ ಮುಂಚೆ ರಿಪೋರ್ಟ್ ಮಾಡಬೇಕು. ವಾಟ್ಸ್‌ಆ್ಯಪ್ ಮೆಸೇಜುಗಳು ಎರಡೂ ತುದಿಯಲ್ಲಿ ಬೀಗ ಬಿದ್ದ ಸ್ಥಿತಿಯಲ್ಲಿ ಓಡಾಡುವುದರಿಂದ ಒಳಗೆ ಏನಿದೆ ಅಂತ ಕಂಪನಿಗೆ ಕಾಣುವುದಿಲ್ಲ. ಒಂದು ನಂಬರ್ ಎಷ್ಟು ಬೇಗ ಎಷ್ಟು ಜನಕ್ಕೆ ಕಳಿಸಿತು, ಎಷ್ಟು ಜನ ಬ್ಲಾಕ್ ಮಾಡಿದರು ಎಂಬಂಥ ನಡವಳಿಕೆ ನೋಡಿ ಅದು ಊಹಿಸುತ್ತದೆ. ನಾವು ರಿಪೋರ್ಟ್ ಮಾಡಿದಾಗ ಮಾತ್ರ ಆ ನಂಬರಿನ ಕೊನೆಯ ಐದು ಮೆಸೇಜು ಅವರಿಗೆ ಹೋಗುತ್ತವೆ. ಹಾಗೆಯೇ ಅಳಿಸುವ ಮುಂಚೆ ಒಂದು ಸ್ಕ್ರೀನ್‌ಶಾಟ್ ಬೇಕು. ಹಣ ಹೋದವರು ಸೈಬರ್ ಅಪರಾಧ ನೋಡುವ ವಿಜಯಪುರದ ಸಿಇಎನ್ ಠಾಣೆಗೆ ಹೋದಾಗ ಕೇಳುವುದು ಅದನ್ನೇ. ಹಣ ಹೋಗಿಲ್ಲ, ಮೋಸದ ಪ್ರಯತ್ನ ಮಾತ್ರ ಅಂತಾದರೆ ಸಂಚಾರ್ ಸಾಥಿ ಜಾಲತಾಣದ ಚಕ್ಷು ವಿಭಾಗದಲ್ಲಿ ತಿಳಿಸಬಹುದು. 2024ರ ಮಾರ್ಚ್‌ನಲ್ಲಿ ಕೇಂದ್ರ ದೂರಸಂಪರ್ಕ ಇಲಾಖೆ ಶುರು ಮಾಡಿದ್ದು ಅದು.

ದೇವರ ಫೋಟೊ, ಹುಟ್ಟುಹಬ್ಬದ ವಿಷಯ ಬೇಗ ಮುಗಿಯಿತು. ಅದಕ್ಕೆ ಬೇರೆ ಗುಂಪು ಮಾಡಿದರು. ಅದು ಈಗ ದೊಡ್ಡ ಗುಂಪಿಗಿಂತ ಜೋರಾಗಿ ನಡೆಯುತ್ತಿದೆ.

ಅಂಗಡಿಯವರ ಜಗಳ

ನಿಜವಾದ ಜಟಾಪಟಿ ನಡೆದದ್ದು ಇಲ್ಲಿ. ಜಾಹೀರಾತನ್ನು ಪೂರಾ ನಿಲ್ಲಿಸಿ ಅಂತ ಕೆಲವರು. ಔಷಧ ಅಂಗಡಿಯವರೊಬ್ಬರು ಎದ್ದು, "ಹೊಸಾ ಎಣ್ಣಿ (ಔಷಧ) ಬಂದದ್ದು ನಾವು ಹೇಳದಿದ್ರ ನಿಮಗ ಹ್ಯಾಂಗ ಗೊತ್ತಾಗ್ತದ್ರಿ? ವರ್ಷಗಟ್ಲೆ ಉಧಾರಿ ಕೊಟ್ಟವ್ರು ನಾವು ಸ್ಪ್ಯಾಮೇನ್ರಿ?" ಅಂದರು. ಸಭೆ ಸ್ವಲ್ಪ ಹೊತ್ತು ಗಪ್‌ಚಿಪ್.

ಅವರ ಮಾತಿನಲ್ಲಿ ಹುರುಳಿತ್ತು. ಪೇಟೆಗೆ ಏನು ಬಂದಿದೆ, ಯಾವುದು ಸ್ಟಾಕ್ ಇದೆ ಎಂಬುದು ಬೆಳೆಗಾರನಿಗೂ ಬೇಕಾದ ಸುದ್ದಿ. ಕೊನೆಗೆ ರವಿವಾರ ಒಂದು ದಿನ ವ್ಯಾಪಾರದ ಮೆಸೇಜಿಗೆ ಬಿಟ್ಟರು. ಒಬ್ಬರಿಗೆ ಒಂದು ಮೆಸೇಜು, ಅಂಗಡಿಯ ಹೆಸರು ಮತ್ತು ದರ ಹಾಕಿಯೇ. ಗ್ಯಾರಂಟಿ ಎಂಬ ಶಬ್ದ ಇದ್ದರೆ ಅಳಿಸಲಾಗುತ್ತದೆ. ಉಳಿದ ದಿನ ಯಾರಾದರೂ ಕೇಳಿದರೆ ಮಾತ್ರ ಅಂಗಡಿಯವರು ಹೇಳಬಹುದು. ಮೊದಲ ವಾರವೇ ನಿಯಮ ಮುರಿದವರು ಅಡ್ಮಿನ್ ಒಬ್ಬರ ಸೋದರಮಾವ. ಅವರ ಮೆಸೇಜನ್ನೂ ಅಳಿಸಿದರು. ಆ ಒಂದು ಅಳಿಸುವಿಕೆ ಆದ ಮೇಲೆ ನಿಯಮಕ್ಕೆ ಬೆಲೆ ಬಂತು, ಮಾವ ಮಾತ್ರ ಇನ್ನೂ ಸರಿಯಾಗಿ ಮಾತಾಡುತ್ತಿಲ್ಲವಂತೆ.

ನನಗೆ ಇದಕ್ಕಿಂತ ಚಿಂತೆಯ ವಿಷಯ ಬೇರೆ ಇತ್ತು. ಒಳ್ಳೆಯ ಮನಸ್ಸಿನವರು ಹೇಳುವ ಔಷಧದ ತಪ್ಪು ಪ್ರಮಾಣ. "ನಾ ಇಷ್ಟ ಹಾಕೇನಿ, ಏನೂ ಆಗಿಲ್ಲ" ಅನ್ನುವ ಮೆಸೇಜು. ಇದು ಸ್ಪ್ಯಾಮ್ ಅಲ್ಲ, ಆದರೆ ಸ್ಪ್ಯಾಮ್‌ಗಿಂತ ದುಬಾರಿಯಾಗಬಹುದು. 2010ರಲ್ಲಿ ಭಾರತದ ದ್ರಾಕ್ಷಿಯಲ್ಲಿ ಕ್ಲೋರ್‌ಮೆಕ್ವಾಟ್ ಎಂಬ ಬೆಳವಣಿಗೆ ನಿಯಂತ್ರಕದ ಉಳಿಕೆ ಸಿಕ್ಕಿತು ಅಂತ ಯುರೋಪ್‌ಗೆ ಹೋದ ಮಾಲು ತಿರಸ್ಕಾರವಾಗಿ ಬೆಳೆಗಾರರು ಅನುಭವಿಸಿದ್ದನ್ನು ಹಳಬರು ಮರೆತಿಲ್ಲ. ನಮ್ಮ ಕಡೆಯ ಹಣ್ಣು ಹೆಚ್ಚಾಗಿ ಒಣದ್ರಾಕ್ಷಿಗೇ ಹೋಗುತ್ತದೆ, ಆದರೂ ಉಳಿಕೆಯ ಮಾತು ಅಲ್ಲಿಗೂ ಬರುತ್ತದೆ.

ಇಂಥ ಮೆಸೇಜನ್ನು ಅಳಿಸಬೇಕೋ ಬೇಡವೋ? ನಾನು ಬೇಡ ಅಂದೆ. ಅಳಿಸಿದರೆ ಹೇಳಿದವರು ಇನ್ನೊಮ್ಮೆ ಬಾಯಿ ಬಿಡುವುದಿಲ್ಲ, ಓದಿದವರಿಗೆ ಅದು ತಪ್ಪು ಅಂತಲೂ ಗೊತ್ತಾಗುವುದಿಲ್ಲ. ಅದರ ಕೆಳಗೇ ಡಬ್ಬದ ಲೇಬಲ್ ಫೋಟೊ ಹಾಕುವುದು, ಸರಿಯಾದ ಪ್ರಮಾಣ ಬರೆಯುವುದು ಅಂತ ಒಪ್ಪಿಗೆಯಾಯಿತು. ಪ್ರಮಾಣ ಹೇಳುವವರು ಯಾರಿಂದ ತಿಳಿದದ್ದು ಅಂತಲೂ ಬರೆಯಬೇಕು. ಲೇಬಲ್ಲೋ, ಕೃಷಿ ವಿಜ್ಞಾನ ಕೇಂದ್ರವೋ, ಸ್ವಂತ ಅನುಭವವೋ. ಸ್ವಂತ ಅನುಭವ ಅಂತ ಬರೆದರೂ ತಪ್ಪಲ್ಲ. ಓದುವವರಿಗೆ ತೂಕ ಗೊತ್ತಾಗುತ್ತದೆ, ಅಷ್ಟೇ.

ಕಾವಲಿನ ಕೆಲಸವನ್ನೂ ಹಂಚಿದರು. ಮೂವರು ಅಡ್ಮಿನ್ ಇದ್ದದ್ದು ಏಳಾಯಿತು. ಬೆಳಿಗ್ಗೆ ಎಣ್ಣಿ ಹೊಡೆಯುವವರಿಗೆ ರಾತ್ರಿ ಪಾಳಿ, ರಾತ್ರಿ ಬೇಗ ಮಲಗುವ ಹಿರಿಯರಿಗೆ ಬೆಳಗಿನ ಪಾಳಿ. ಬೆಂಗಳೂರಿನಲ್ಲಿ ಓದುತ್ತಿರುವ ಊರಿನ ಹುಡುಗಿಯೊಬ್ಬಳು ಮಧ್ಯಾಹ್ನದ ಪಾಳಿ ತಗೊಂಡಳು. ಅವಳ ಅಪ್ಪನ ಪಡ ಇದೆ, ಅವಳಿಗೆ ಡೌನಿಯೂ ಗೊತ್ತು, ಎಪಿಕೆಯೂ ಗೊತ್ತು. ಉಳಿದ ಆರು ಜನರ ಫೋನಿನಲ್ಲಿ ಎರಡು ಹಂತದ ಪಿನ್ ಹಾಕಿಸಿದ್ದೂ ಅವಳೇ, ವಿಡಿಯೊ ಕಾಲ್‌ನಲ್ಲಿ. ಅಡ್ಮಿನ್‌ನ ಖಾತೆಯೇ ಕಳುವಾದರೆ ಇಡೀ ಗುಂಪೇ ಹೋಯಿತು ಅಂತ ಅವಳು ಹೇಳುವ ತನಕ ಅದು ಯಾರ ತಲೆಗೂ ಬಂದಿರಲಿಲ್ಲ.

ಈಗ

ಎಲೆಯ ಫೋಟೊಗಳು ವಾಪಸ್ ಬಂದಿವೆ. ಸಣ್ಣ ಗುಂಪುಗಳಲ್ಲಿ ಎರಡು ತಾವಾಗಿಯೇ ನಿಂತವು. ಉಳಿದವು ನಡೆದಿವೆ, ನಡೆಯಲಿ. ಹೊರಗಿನ ಜಾಹೀರಾತು ಅಪರೂಪ. ಎಪಿಕೆ ಮತ್ತೆ ಬಂತು, ಈ ಸಲ ಮದುವೆ ಆಮಂತ್ರಣದ ಹೆಸರಿನಲ್ಲಿ, ಇನ್ನೊಬ್ಬ ಸದಸ್ಯರ ನಂಬರಿನಿಂದ. ಮೊದಲು ಗಮನಿಸಿದ್ದು ಕಾಕಾ. "ಇದನ್ನ ಯಾರೂ ಮುಟ್ಟಬ್ಯಾಡ್ರಿ. ಅವರ ಫೋನ್ ಹೋಗೈತಿ, ಫೋನ್ ಮಾಡಿ ಹೇಳ್ರಿ" ಅಂತ ವಾಯ್ಸ್ ಮೆಸೇಜ್ ಹಾಕಿದರು. ಅಡ್ಮಿನ್ ಅದನ್ನು ಅಳಿಸುವ ಮುಂಚೆಯೇ ಗುಂಪಿಗೆ ಎಚ್ಚರಿಕೆ ಮುಟ್ಟಿತ್ತು.

ಬಗೆಹರಿಯದೆ ಉಳಿದದ್ದು ವಾಯ್ಸ್ ಮೆಸೇಜಿನದ್ದೇ ತಕರಾರು. ಹಿರಿಯರಿಗೆ ಟೈಪ್ ಮಾಡಲು ಬರುವುದಿಲ್ಲ, ಅವರ ಅನುಭವ ಬರುವುದೆಲ್ಲ ಮಾತಿನಲ್ಲೇ. ಪಾಳಿಯಲ್ಲಿರುವವರು ನಾಲ್ಕು ನಿಮಿಷದ ಮಾತನ್ನು ಪೂರಾ ಕೇಳಬೇಕು. ಯಾವುದೋ ಅಂಗಡಿಯ ಹೆಸರು ಮೂರನೇ ನಿಮಿಷದಲ್ಲಿ ಬರುತ್ತದೆ. ಒಂದು ನಿಮಿಷಕ್ಕೆ ಮಿತಿ ಹಾಕೋಣ ಅಂತ ಹುಡುಗಿ ಹೇಳುತ್ತಿದ್ದಾಳೆ. ಕಾಕಾ ಒಪ್ಪುತ್ತಿಲ್ಲ. ಏಪ್ರಿಲ್ ಚಾಟ್ನಿ ಹೊತ್ತಿಗೆ ಮತ್ತೆ ಕೂತು ಮಾತಾಡುವುದಾಗಿದೆ.